ಅದಲ್ಲ

ಇವರು ಫೌಜಿನಾಗಿದ್ದಾಗ
ಕಲ್ಕತ್ತಾದ ಒಂದು ಸಂದ್ಯಾಗ, ಹೊತ್ತು ಮೂಡೂ ಮೊದಲ,
ಚೀನಾದ ಮುದುಕಿಯೊಬ್ಬಳು ಬುಟ್ಟಿ ಮುಚ್ಚಳ ತೆಗದಳಂತ.
ಹಬಿಯೊಳಗ ಬೆಳ್ಳಗ ಉಬ್ಬಿ ಕುಂತಿತ್ತಂತ,
ಒಡಲಾಗ ಸಿಹಿ.
ಹೆಸರು ಗೊತ್ತಿಲ್ಲ. ರೊಕ್ಕ ಎಷ್ಟಂತ ಮಾತ್ರ ನೆನಪೈತಿ.

"ಹೆಂಗಿತ್ರಿ, ಎಷ್ಟು ಮೆತ್ತಗ?" ಅಂದ್ರ
ತಮ್ಮ ಕಿವಿಯ ತುದಿ ಹಿಡದು ತೋರಿಸತಾರ: "ಹಿಂಗ."
ಹದಿನೇಳು ವರ್ಷ ಬಿಗಲ್ ಕೇಳಿದ ಕಿವಿ.
ಹಿಟ್ಟು ಹತ್ತಿದ ಕೈಲೇ ಮುಟ್ಟಿ ನೋಡೀನಿ,
ಇಬ್ಬರೂ ನಕ್ಕೀವಿ.

ಮೊದಲ ದಿನ ಮೈದಾ ಉಬ್ಬಲಿಲ್ಲ.
ಗೋಕಾಕದ ಪ್ಯಾಟ್ಯಾಗ ಈಸ್ಟ್ ಕೇಳಿದರ
ಅಂಗಡಿ ಮಲಗೌಡ "ಬೇಕರಿ ಹಾಕತೀರೇನ್ರಿ ವೈನಿ?" ಅಂದ.
ಎರಡನೇ ಸಲ ಉಬ್ಬಿತು. ಇಡ್ಲಿ ಪಾತ್ರಿ ಮುಚ್ಚಳದ ನೀರು
ತಟತಟ ಬಿದ್ದು ಮ್ಯಾಲೆಲ್ಲ ಸಿಡಬಿನ ಕಲಿ.
ಇವರು ಒಂದು ಮುರದು ಬಾಯಾಗಿಟ್ಟು
ಕಣ್ಣು ಮುಚ್ಚಿ, ಕಲ್ಕತ್ತಾಕ್ಕ ಹೋಗಿ, ತಿರುಗಿ ಬಂದು
"ಅದಲ್ಲ" ಅಂದರು.

ಬಿದರಿನ ಬುಟ್ಟೀನೇ ಬೇಕು.
ಬಿದರು ನೀರು ಕುಡೀತೈತಿ, ತಗಡು ಉಗಳತೈತಿ.
ಮ್ಯಾದಾರ ತುಳಸವ್ವನ ಮುಂದ ಕುಂತು
ನೆಲದ ಮ್ಯಾಲೆ ಇದ್ದಲಿಲೆ ಗುಂಡಗ ಗೀರಿದೆ.
"ತಳಕ್ಕ ಸಂದು ಬಿಡು ಅಂತೀರಿ,
ಮುಚ್ಚಳಾನೂ ಹೆಣಿ ಅಂತೀರಿ,
ಇದರಾಗ ಹಾವು ಸಾಕತೀರೇನವ್ವ?"
ಸಿಬಿರು ಸೀಳತಾ ಸೀಳತಾ ಕೇಳಿದಳು.
ಮೂರು ದಿನಕ್ಕ ಕೊಟ್ಟಳು. ತುಸು ಸೊಟ್ಟ.

ಹೂರಣಕ್ಕ ಆ ಚೀನಾದ ಕೆಂಪು ಕಾಳು ಎಲ್ಲಿಂದ ತರಲಿ?
ಅಲಸಂದಿ ಕುದಿಸಿ, ಒಳಕಲ್ಲಾಗ ರುಬ್ಬಿ, ಬೆಲ್ಲ ಹಾಕಿ ಮಗಚಿದೆ.
ಏಲಕ್ಕಿ ಡಬ್ಬಿಗೆ ಹೋದ ಕೈಯನ್ನ
ಇನ್ನೊಂದು ಕೈಲೆ ಹಿಡದೆ.
ಪಂಚಮಿ ಕಡಬಿನ ರೂಢಿ ಅದು, ಮಾತು ಕೇಳೂದಿಲ್ಲ;
ಬೆರಳು ತಾವಾಗೇ ಅಂಚು ಮಡಚಿ ಹೆಣಿತಾವ,
ಗುಂಡಗ ಅಂದ್ರ ಅರ್ಧಚಂದ್ರ ಮಾಡತಾವ.

ಓಣಿ ತುಂಬ ಕರದಂಟಿನ ವಾಸನಿ,
ತುಪ್ಪದಾಗ ಅಂಟು ಅರಳೂ ಸದ್ದು.
ನಮ್ಮ ಅಡಗಿಮನ್ಯಾಗ ಮಾತ್ರ ಹಸಿ ಬಿದರಿನ ವಾಸನಿ,
ಈಗಷ್ಟ ಹಂದರ ಹಾಕಿದ ಮನಿಯಂಗ.

ಮುಚ್ಚಳ ತೆಗದೆ.
ಇವರ ಚಾಳೀಸು ಮಬ್ಬಾತು.
ಒರಸಿಕೊಳ್ಳದೇ ಒಂದು ತಿಂದರು. "ಅದಲ್ಲ."
ಎರಡನೇದು ತಿಂದರು. "ಅದಲ್ಲ ಬಿಡು."
ಮೂರನೇದಕ್ಕ ಕೈ ಹಾಕಿದಾಗ
ನಾ ಏನೂ ಕೇಳಲಿಲ್ಲ.
ತುಳಸವ್ವಗಂತ ಎರಡು ತಾಟಿನಾಗ ತಗದಿಟ್ಟೆ,
ಹಾವಲ್ಲಂತ ತೋರಸಾಕ.