ಉಗುಳು

ಎರ್ಮೆಲಿಂದಾಬಾಯಿ ಮೊದಲ ದಿನ ಹೇಳಿದ್ದು ಇಷ್ಟೆ:
ಹಳೇ ಬಣ್ಣಕ್ಕೆ ಉಗುಳಿಗಿಂತ ಒಳ್ಳೆ ಔಷಧಿಯಿಲ್ಲ.
ಕಡ್ಡಿಯ ತುದಿಗೆ ಹತ್ತಿ, ಹತ್ತಿಯನ್ನು ನಾಲಿಗೆಗೆ,
ಆಮೇಲೆ ಕ್ಯಾನ್ವಾಸಿಗೆ, ಸಣ್ಣ ಸಣ್ಣ ಸುತ್ತು,
ಮಗುವಿನ ಕೆನ್ನೆ ಒರೆಸಿದ ಹಾಗೆ.
ಅದೇ ಹತ್ತಿ ಮತ್ತೆ ಬಾಯಿಗೆ ಹೋಗಬಾರದು.
ಎಲೆ ಅಡಿಕೆ ಬಿಟ್ಟೆ. ಮೀನು ತಿಂದ ಮಧ್ಯಾಹ್ನ
ಎರಡು ಸಲ ಬಾಯಿ ಮುಕ್ಕಳಿಸುತ್ತೇನೆ.

ಹೀಗೆ ಹನ್ನೊಂದು ದಿನದಿಂದ
ಒಬ್ಬ ಕಪ್ತಾನನ ಮುಖಕ್ಕೆ ಉಗುಳು ಹಚ್ಚುತ್ತಿದ್ದೇನೆ,
ಸಂಬಳಕ್ಕೆ.

ಚಾಂದೋರಿನ ದೊಡ್ಡಮನೆಯಿಂದ ಬಂದ ಚಿತ್ರ.
ಒಂಬತ್ತಡಿ ಅಗಲ; ಫೊಂತಾಯಿನ್ಹಾಸಿನ ಈ ಮೆಟ್ಟಿಲಲ್ಲಿ
ತಿರುಗದೆ, ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆದರು.
ಬರೆದವನು ಫ್ರಾನ್ಸಿನವ. ಪ್ಯಾರಿಸಿನ ಶಾಲೆಯಲ್ಲಿ
ಪದಕ ಗೆದ್ದವನಂತೆ, ಹಡಗು ಹತ್ತಿದವನಲ್ಲವಂತೆ.
ಸಹಿಯಲ್ಲಿ ಮೊದಲಕ್ಷರ ಉಳಿದಿದೆ, ಮಿಕ್ಕದ್ದು ಗೆದ್ದಲಿಗೆ.

ಕಪ್ತಾನ ಮೊಣಕಾಲ ನೀರಲ್ಲಿ ಇಳಿದು ದಡಕ್ಕೆ ಬರುತ್ತಿದ್ದಾನೆ.
ಎರಡು ವರ್ಷ ಕಡಲಲ್ಲಿದ್ದವನ ಕಾಲರು
ಇಸ್ತ್ರಿ ಮಾಡಿದಂತಿದೆ.
ದಡದಲ್ಲಿ ರುಮಾಲಿನ ಮುದುಕರು, ಮುತ್ತಿನ ಹರಿವಾಣ,
ಯಾಕೋ ಒಂದು ಹುಲಿ, ನಾಯಿಯಂತೆ ಕೂತಿದೆ.
ತೆಂಗಿನ ಮರಕ್ಕೆ ಖರ್ಜೂರದ ಗರಿ.
ಹಡಗುಗಳ ಹಿಂದೆ, ಸಮುದ್ರದಿಂದ, ದೊಡ್ಡ ಸೂರ್ಯ.
ಚೌಕಟ್ಟಿನ ಹಿತ್ತಾಳೆ ಪಟ್ಟಿ ಓದಿ ಬಾಯಿ ಹೇಳಿದಳು:
'ಹಿಂದೂಸ್ಥಾನದ ಮೊದಲ ಬೆಳಗು'.

ಫೋನಿನಲ್ಲಿ ತೆಗೆದದ್ದನ್ನು ಅವ್ವನಿಗೆ ತೋರಿಸಿದೆ.
ಕೊಪ್ಪಳದಿಂದ ರೈಲು ಹತ್ತಿ ಬಂದು
ಮುರ್ಮುಗೋವಾ ಬಂದರಿನಲ್ಲಿ ಅದಿರು ಹೊತ್ತ ಹೆಂಗಸು.
ಬಹಳ ಹೊತ್ತು ನೋಡಿ, ಬಿದ್ದು ಬಿದ್ದು ನಕ್ಕಳು.
'ಮೂವತ್ತು ವರ್ಷ ಬೈನಾದಾಗ ಅದೀನಿ ಯವ್ವಾ,
ಈ ಸಮುದ್ರದಾಗ ಹೊತ್ತು ಮುಣಗತೈತಿ,
ಒಂದಿನರ ಹುಟ್ಟೈತೇನ?'

ಮರುದಿನ ಅದನ್ನೇ ಬಾಯಿಗೆ ಹೇಳಿದೆ.
ಅವಳು ಬ್ರಷ್ಷು ತೊಳೆಯುತ್ತ, ಬೆನ್ನು ತಿರುಗಿಸದೆ,
'ಬೆಳಕು ತಪ್ಪಾದರೆ ನಾವು ತಿದ್ದುವುದಿಲ್ಲ ಹುಡುಗಿ,
ಕೊಳೆ ಮಾತ್ರ ತೆಗೆಯುತ್ತೇವೆ.'

ಎಡ ಮೂಲೆ ಪೂರ್ತಿ ಕಪ್ಪಾಗಿತ್ತು.
ನೂರು ವರ್ಷದ ಮೇಣಬತ್ತಿ ಹೊಗೆ, ವಾರ್ನಿಷ್ಷು,
ಊಟದ ಕೋಣೆಯ ಜಿಡ್ಡು.
ಸುತ್ತು ಸುತ್ತಾಗಿ ಒರೆಸಿದಂತೆ ಮೊದಲು ಒಂದು ಹಗ್ಗ,
ಹಗ್ಗದ ಹಿಂದೆ ಮುಷ್ಟಿ,
ಮುಷ್ಟಿಯ ಹಿಂದೆ ದೋಣಿ ಎಳೆಯುವ ನಾಲ್ಕು ಜನ.
ಮುಖವಿಲ್ಲ, ಬರೀ ಬೆನ್ನು.
ನಾಲ್ವರ ಬಲ ಹೆಗಲಿನ ಮೇಲೂ
ಒಂದೇ ಮಚ್ಚೆ, ಒಂದೇ ಜಾಗದಲ್ಲಿ.

ಬಾಯಿಯನ್ನು ಕರೆದೆ. ಕನ್ನಡಕ ಏರಿಸಿ ನೋಡಿದಳು.
'ನೊಣದ ಹಿಕ್ಕೆ ಇರಬೇಕು, ಒರೆಸು.'
ಒರೆಸಿದೆ. ಹೋಗಲಿಲ್ಲ.
ಇನ್ನಷ್ಟು ಉಗುಳು. ಹೋಗಲಿಲ್ಲ.

ಅಂದರೆ ಒಬ್ಬನೇ.
ಪ್ಯಾರಿಸಿನ ಯಾವುದೋ ಸಂತೆಯ ಹಮಾಲಿ,
ಗಂಟೆಗಿಷ್ಟು ಎಂದು ಮಾತಾಡಿ ಕರೆತಂದವನು.
ಗೋಡೆಯ ಕೊಕ್ಕೆಗೆ ಹಗ್ಗ ಕಟ್ಟಿ
ಎಳಿ ಎಂದಿರಬೇಕು. ಇನ್ನೂ ಎಳಿ.
ಬರದ ದೋಣಿಯನ್ನು ಎಳೆದೇ ಎಳೆದಿದ್ದಾನೆ,
ಚಳಿಗೆ ಮೈ ಬಿಟ್ಟುಕೊಂಡು,
ನಾಲ್ಕು ಸಲ ಕಪ್ಪು ಬಳಿಸಿಕೊಂಡು.
ಮಚ್ಚೆಯನ್ನು ಯಾಕೆ ಬಿಟ್ಟನೋ ಆ ಪದಕದವನು.
ಮರೆತನೋ. ನೋಡಿದ್ದನ್ನು ಬರೆಯದೆ ಇರಲಾರದ
ಕೈ ರೋಗವಿತ್ತೋ.

ಹುಲಿ ಸುಳ್ಳು, ಸೂರ್ಯ ಸುಳ್ಳು, ಮುತ್ತು ಸುಳ್ಳು.
ಆ ಹೆಗಲಿನ ಉಬ್ಬು ಮಾತ್ರ ನಾನು ಬಲ್ಲೆ.
ಅವ್ವ ಮೈ ತೊಳೆಸಿಕೊಳ್ಳುವಾಗ
ಸೋಪು ನಿಲ್ಲುವುದು ಅಲ್ಲೇ.

ಸಂಜೆ ವಾಸ್ಕೋ ಬಸ್ಸಿನಲ್ಲಿ ಬಲಗಡೆಯ ಸೀಟು ಹಿಡಿದೆ.
ಜುವಾರಿ ಸೇತುವೆಯ ಮೇಲೆ ಎಲ್ಲರೂ ನಿದ್ದೆ,
ಸೂರ್ಯ ತಾನು ಇಳಿಯಬೇಕಾದಲ್ಲೇ ಇಳಿಯುತ್ತಿದ್ದ.

ಇವತ್ತು ಹನ್ನೆರಡನೆಯ ದಿನ.
ನಾಲ್ಕು ಮಚ್ಚೆಗಳೂ ಹೊಳೆಯುತ್ತಿವೆ,
ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಒರೆಸಿದ್ದೇನೆ.
ಕಪ್ತಾನನ ಬಲಗಣ್ಣು ಇನ್ನೂ ಬಾಕಿ.
ಬಾಯಿ ಒಣಗಿದೆ.
ಇರಲಿ, ನೀರು ಕುಡಿದು ಬರುತ್ತೇನೆ.