ಉಳಿದ ಕೋಲು

ಆ ದಿನ ಕಂಡಿಕಿ ಸುತ್ತಿ ಮುಗಿಸಿ ಓಡೂದ್ರೊಳಗ
ಸಣ್ಣ ಕೋಲೆಲ್ಲಾ ಹಂಚಿ ಆಗಿತ್ತು.
ಉಳಿದದ್ದು ಒಂದ, ಬುಟ್ಟಿಯಷ್ಟು ತಲಿ ಇದ್ದದ್ದು,
ಮೀನ ಹಿಡಿಯೂ ಜಾಳಿಗಿಯಂಥಾದ್ದು.
'ತಡಾ ಮಾಡಿ ಬಂದಿ. ನೀನ ಗೋಲಕೀಪರ್' ಅಂದ್ರು ಉಂಕಿ ಸರ್.
ಲ್ಯಾಕ್ರೋಸ್ ಅನ್ನೂದು ನಾಲಿಗಿಗೆ ಇನ್ನೂ ಹೊಂದಿರಲಿಲ್ಲ,
ನಾವು ಲಕ್ಕರೋಸಿ ಅಂತಿದ್ವಿ.

ಉಂಕಿ ಸರ್ ಕಬಡ್ಡಿಯವರು.
ತೊಡಿ ಹಿಡಿಯೂದು, ಪಾದ ಎಳಿಯೂದು, ಉಸರು ಕಟ್ಟೂದು ಗೊತ್ತು.
ಈ ಗೋಲಿನ ಮುಂದ ಹೆಂಗ ನಿಲ್ಲಬೇಕಂತ
ಜಿಲ್ಲಾದಾಗ ಹೇಳವರು ಒಬ್ಬರೂ ಇರಲಿಲ್ಲ.
'ನನಗೂ ಗೊತ್ತಿಲ್ಲವ್ವಾ, ನಿನಗೂ ಗೊತ್ತಿಲ್ಲ,
ಚೆಂಡಿಗೆ ಗೊತ್ತೈತಿ. ಅದನ್ನ ಕೇಳು.'

ಚೆಂಡು ಮೊದಲ ತೊಡಿಗೆ ಹೇಳಿತು.
ಆಮ್ಯಾಲೆ ಹೆಗಲಿಗೆ, ಆಮ್ಯಾಲೆ ಹೆಬ್ಬೆಟ್ಟಿಗೆ.
ಎದಿಗೆ ಕ್ರಿಕೆಟ್ಟಿನ ಹುಡುಗರ ಹಳೇ ಪ್ಯಾಡು,
ತಲಿಗೂ ಅವರದ ಹೆಲ್ಮೆಟ್ಟು, ಒಳಗ ಅವರದ ಬೆವರ ವಾಸನಿ.
ರಾತ್ರಿ ಅವ್ವ ಕಲೆ ನೋಡಿ
'ಇದು ನೇರಳಿ, ಇದು ಹಸರು,
ಅಂಚು ಹಚ್ಚಿದ್ರ ಒಂದು ಖಣ ಆಗತೈತಿ' ಅಂದಳು.
ನಗಲಿಲ್ಲ.

ಕಣ್ಣ ನನ್ನ ವೈರಿ.
ತಂಗೆವ್ವನ ಕೋಲು ಮ್ಯಾಲೆದ್ದ ಕೂಡಲೆ
ರೆಪ್ಪಿ ತಾವ ಬಾಗಲಾ ಹಾಕತಿದ್ವು.
ಅವ್ವನ್ನ ಕೇಳಿದೆ: ಅಷ್ಟು ಜೋರ ಓಡೂ ಲಾಳಿ ಹೆಂಗ ನೋಡ್ತಿ?
'ಯಾರ ನೋಡ್ತಾರ? ಎಳಿ ಹರದೀತೇನಂತ ಕಿವಿಗೊಡತೀನಿ.'
ದೊಡ್ಡ ಮಾತು ಸಿಕ್ಕಿತಂತ ಮರದಿನ ಕಿವಿಗೊಟ್ಟು ನಿಂತೆ.
ಆರು ಗೋಲು.
ಮಗ್ಗದ ಮಾತು ಮಗ್ಗಕ್ಕ.

ಆಮ್ಯಾಲೆ ಸಾಲಿ ಹಿಂದಿನ ಕೆಂಪು ಕಲ್ಲಿನ ಗೋಡಿಗೆ ಹೋದೆ.
ನಮ್ಮ ಗುಳೇದಗುಡ್ಡದ ಕಲ್ಲಿಗೆ ನೆಟ್ಟಗಂಬೂದು ಗೊತ್ತಿಲ್ಲ:
ಎದಿ ಮಟ್ಟ ಒಗದ್ರ ಮೊಣಕಾಲಿಗೆ ಬರತೈತಿ,
ಕೆಳಗ ಒಗದ್ರ ಗದ್ದಕ್ಕ.
ದಿನಾ ನೂರು ಬಲಗೈಲೆ, ನೂರು ಎಡಗೈಲೆ.
ಯಾರದೋ ಆಡು ಬಂದು ನಿಂತು ನೋಡತಿತ್ತು,
ಒಂದು ಸಲನೂ ಕಣ್ಣು ಪಿಳುಕಿಸತಿರಲಿಲ್ಲ.
ಹೊಟ್ಟಿಕಿಚ್ಚಾತು.

ಒಂದಿನ ಚಪ್ಪಲಿ ಉಂಗುಟ ಕಿತ್ತು
ಮುಗ್ಗರಿಸಿ ಮುಂದ ಬಿದ್ದೆ, ಚೆಂಡಿನ ಕಡೆಗೇ.
ಅದು ಬಂದು ಜಾಳಿಗ್ಯಾಗ ತಣ್ಣಗ ಕುಂತಿತು.
ಬಿದ್ದಲ್ಲೇ ಮಲಗಿ ವಿಚಾರ ಮಾಡಿದೆ.
ಇಷ್ಟು ದಿನ ಹಿಂದ ಸರಿತಿದ್ದೆ;
ಸರದಷ್ಟೂ ಬೆನ್ನ ಹಿಂದಿನ ಬಾಗಲಾ ದೊಡ್ಡದಾಗತಿತ್ತು.

ಒದರೂದು ಮಾತ್ರ ಯಾರೂ ಕಲಿಸಬೇಕಾಗಲಿಲ್ಲ.
ಮನಿಗೆರಡು ಮಗ್ಗ ಇರೂ ಓಣ್ಯಾಗ ಹುಟ್ಟಿದವರು
ಉಪ್ಪು ಬೇಕಂದ್ರೂ ಒದರೇ ಕೇಳತೀವಿ.
'ಎಡಕ್ಕ ಬಂದ್ಲು! ಶಾಕಾಂಬರಿ, ನಿನ್ನ ಬೆನ್ನ ಹಿಂದ! ಬಿಡಬ್ಯಾಡ!'
ಬಸ್ ಸ್ಟ್ಯಾಂಡಿನ ತನಕ ಕೇಳತಿತ್ತಂತ,
ಕಂಡಕ್ಟರ ಒಮ್ಮೆ ಇಳದು ಹಿಂದ ನೋಡಿದನಂತ.

ವಿಜಯಪುರದಾಗ ಸೋತ್ವಿ.
ಹದಿನಾಕು ಅವರವು, ಮೂರು ನಮ್ಮವು.
ನಾ ತಡದದ್ದು ಒಂಬತ್ತು.
ಆ ಲೆಕ್ಕ ಯಾರೂ ಬರಕೊಳ್ಳಲಿಲ್ಲ, ಅಂಗೈ ಮ್ಯಾಲ ನಾನ ಬರಕೊಂಡೆ.
ಆಟ ಮುಗದ ಮ್ಯಾಲ ಆಚಿ ಕಡೆ ಗೋಲಕೀಪರ್,
ಸೋಲಾಪುರದಾಕಿ, ಹೆಲ್ಮೆಟ್ ತಗದು ನನ್ನ ಕಡೆ ನಡದು ಬಂದಳು.
ಮುಂದ ಹೆಜ್ಜಿ ಇಡೂದು ಯಾರು ಕಲಿಸಿದ್ರಂತ
ಮರಾಠ್ಯಾಗ ಕೇಳಿದಳು.
'ಚಪ್ಪಲ್' ಅಂದೆ.
ತಿಳೀತೋ ಇಲ್ಲೋ. ನನ್ನ ಮ್ಯಾಲಿನ ಕೈ ಹಿಡದು
ಮಣಿಕಟ್ಟು ಒಂದೀಟು ಹೊರಗ ತಿರುವಿ
'ಅಸಂ' ಅಂದು ಹೋದಳು.

ಮೂರು ವರ್ಷದಾಗ ಗೊತ್ತಿದ್ದವರು ಮುಟ್ಟಿ ಹೇಳಿಕೊಟ್ಟದ್ದು
ಅಷ್ಟ.
ಕೊಲ್ಹಾರದ ಸೇತುವಿ ಬಂತು, ಕೆಳಗ ಹೊಳಿ ಕಾಣತಿರಲಿಲ್ಲ,
ಹುಡಗ್ಯಾರು ಒಬ್ಬರ ಹೆಗಲ ಮ್ಯಾಲ ಒಬ್ಬರು ಮಲಗಿದ್ರು.
ಮುಂದಿನ ಸೀಟಿನ ಕಂಬಿ ಹಿಡದು
ತಿರುವತಿದ್ದೆ: ಅಸಂ,
ಅಸಂ.