ಎಪ್ಪತ್ತೈದು, ಎಪ್ಪತ್ತನಾಲ್ಕು

ಕಂಪ್ಯೂಟರಿನ ಬೆನ್ನಿಗೆ ಕಚ್ಚಿಕೊಂಡಿತ್ತು ಅದು,
ಬೆಂಕಿಪೊಟ್ಟಣದಷ್ಟು ಬೂದು ಪ್ಲಾಸ್ಟಿಕ್ಕು.
ಡಾಂಗಲ್ ಅನ್ನುತ್ತಿದ್ದರು ಕಂಪೆನಿಯವರು,
ನಾವು ಲಾಕು ಅಂದೆವು.
ತೊಂಬತ್ತೆಂಟರಲ್ಲಿ ಚೀಟಿ ಎತ್ತಿ ಕೊಂಡದ್ದು:
ಅಕ್ಷರ ಜೋಡಿಸುವ ಪ್ರೋಗ್ರಾಮು, ಜೊತೆಗೆ ಈ ಲಾಕು,
ಎರಡಕ್ಕೂ ಸೇರಿ ಹದಿನೆಂಟು ಸಾವಿರದ ಒಂದು ರಶೀದಿ.
ರಶೀದಿ ಈಗಲೂ ಉಂಟು. ಶಾಯಿ ಮಾತ್ರ
ಚಾ ಬಣ್ಣಕ್ಕೆ ತಿರುಗಿದೆ.

ಬಂದರಿನ ಗಾಳಿಗೆ ಓದುಬರಹವಿಲ್ಲ.
ಶಟರು, ಕತ್ತರಿ, ಸ್ಟೇಪ್ಲರಿನ ಪಿನ್ನು ತಿಂದ ಹಾಗೆಯೇ
ಲಾಕಿನ ಇಪ್ಪತ್ತೈದು ಹಲ್ಲನ್ನೂ ತಿಂದಿತು.
ಮೇ ತಿಂಗಳ ಒಂದು ಸೋಮವಾರ
ಪ್ರೋಗ್ರಾಮು ಎಂದಿನಂತೆ ಕೇಳಿತು: ಇದ್ದೀಯಾ?
ಹಸಿರು ಉಪ್ಪು ಉತ್ತರ ಕೊಡಲಿಲ್ಲ.

ಪೆಟ್ಟಿಗೆಯ ಮೇಲಿದ್ದ ಪುಣೆಯ ನಂಬರಿಗೆ ಫೋನು ಮಾಡಿದೆ.
ಎತ್ತಿದವರು ಮದುವೆಗೆ ಅಡುಗೆ ಮಾಡಿಸುವವರು.
ಎಷ್ಟು ಜನಕ್ಕೆ, ಎಂದರು.

ಅದೇ ವಾರ ಕುಲಶೇಖರದ ಬೆನೆಡಿಕ್ಟಾ ಬಾಯಿ.
ಅಮ್ಮ ಹೋಗಿ ಇಪ್ಪತ್ತು ವರ್ಷ,
ಅಂದಿನದೇ ಕಾರ್ಡು, ಅಂದಿನವೇ ಅಕ್ಷರ ಬೇಕು.
ಅವರಲ್ಲಿದ್ದದ್ದು ಗೆದ್ದಲು ತಿಂದು ಬಿಟ್ಟ ಅರ್ಧ,
ಉಳಿದದ್ದು ನನ್ನ ಡಿಸ್ಕಿನೊಳಗೆ
ಆ ಪ್ರೋಗ್ರಾಮು ಮಾತ್ರ ಓದಬಲ್ಲ ಲಿಪಿಯಲ್ಲಿ.
ಬೇರೆ ಯಾವುದರಲ್ಲಿ ತೆರೆದರೂ
ಡಾಲರು, ಬ್ರಾಕೆಟ್ಟು, ತಲೆಕೆಳಗಾದ ಪ್ರಶ್ನೆ.
ನನ್ನ ಕೈಯಾರೆ ಒತ್ತಿದ ಕನ್ನಡ
ನನಗೇ ಬಾಗಿಲು ಹಾಕಿತ್ತು.

ಮೊಬೈಲ್ ಅಂಗಡಿಯ ಲಿಖಿತ್ ರಾತ್ರಿ ಎಂಟರ ಮೇಲೆ ಬಂದ,
ಪಾಲಿಟೆಕ್ನಿಕ್ಕಿನಲ್ಲಿ ಎರಡು ಸಬ್ಜೆಕ್ಟು ಬಾಕಿ ಇರುವ ಹುಡುಗ.
ಬನ್ಸ್ ತಿಂದ ಕೈ ಪ್ಯಾಂಟಿಗೆ ಒರೆಸಿ
ನಂಬರುಗಳ ಇರುವೆಸಾಲಿನೊಳಗೆ ಇಳಿದ.
ಒಂದೂವರೆ ಗಂಟೆ. ಆಮೇಲೆ:
"ನೋಡಿ ಅಣ್ಣ, ಅದು ಕೇಳುವುದು ಇಲ್ಲೇ.
ಈ ಎಪ್ಪತ್ತೈದನ್ನು ಎಪ್ಪತ್ತನಾಲ್ಕು ಮಾಡಿದೆ.
ಇನ್ನು ಲಾಕು ಇಲ್ಲದಿದ್ದರೇನೇ ಒಳಗೆ ಬಿಡುವುದು."
ಚೀಟಿಯ ಇಪ್ಪತ್ತು ಕಂತು
ಇಷ್ಟರ ಮೇಲೆ ನಿಂತಿತ್ತು.

ತೆರೆಯಿತು.
ಬೆನೆಡಿಕ್ಟಾರ ಅಮ್ಮ, ಶಿಲುಬೆ, ಮಕ್ಕಳ ಹೆಸರು,
'ದುಃಖತಪ್ತ'ದಲ್ಲಿ ನಾನು ಅಂದು ಬಿಟ್ಟ ಎರಡು ಸೊನ್ನೆ.
ತಿದ್ದಲಾ, ಎಂದೆ.
ಬೇಡ, ಇಷ್ಟು ವರ್ಷ ಹಾಗೇ ಓದಿದ್ದೇವೆ, ಎಂದರು.

ಮೇಲಿನ ಮಹಡಿಯ ಸಲ್ಡಾನ್ಹಾ ವಕೀಲರು
ಲೆಟರ್‌ಹೆಡ್ಡಿನ ಪ್ರೂಫು ನೋಡಲು ಇಳಿದಾಗ ಕೇಳಿಯೇಬಿಟ್ಟೆ:
ಇದು ಕಳವಾ, ಮೇಡಂ? ನನ್ನ ಮನೆಯ ಬೀಗ ನಾನೇ...
"ಮನೆಯ ಬೀಗ ಬಿಡಿ, ಎಲ್ಲರೂ ಅದನ್ನೇ ತರುತ್ತಾರೆ.
ನೀವು ಮನೆ ಕೊಂಡದ್ದಲ್ಲ, ಕೂರಲಿಕ್ಕೆ ಪರವಾನಗಿ ಕೊಂಡದ್ದು.
ಕಲಂ ಅರವತ್ತೈದು ಎ: ಮುರಿದದ್ದಷ್ಟೇ ಸಾಲದು,
ಹಕ್ಕು ಮೀರುವ ಉದ್ದೇಶವೂ ಇರಬೇಕು ಅನ್ನುತ್ತದೆ.
ಪೆಟ್ಟಿಗೆಯೊಳಗಿನ ಕರಾರು ಎಂತ ಅನ್ನುತ್ತದೋ, ಅದು ಬೇರೆ."
ಹಾಗಾದರೆ ತಪ್ಪಲ್ಲ?
"ಹಾಗಂತ ಬರೆದು ಕೊಡುವುದಿಲ್ಲ," ಎಂದು
ಪ್ರೂಫಿನಲ್ಲಿ ತಮ್ಮ ಹೆಸರಿನ 'ನ್ಹಾ' ತಿದ್ದಿ ಹತ್ತಿದರು.

ಉದ್ದೇಶ. ದಕಾರಕ್ಕೆ ದಕಾರದ್ದೇ ಒತ್ತು.
ಸಂಘಗಳ ವರದಿಯಲ್ಲಿ ಪುಟಕ್ಕೆ ಮೂರು ಸಲ
ನಿದ್ದೆಗಣ್ಣಲ್ಲಿ ಜೋಡಿಸಿದ ಪದ.
ಅದಕ್ಕೆ ತೂಕ ಉಂಟೆಂದು ತಿಳಿದದ್ದು ಮರುದಿನ
ಭವಂತಿ ಬೀದಿಯ ಜನಾರ್ದನ ಗಟ್ಟಿ
ಪೆನ್‌ಡ್ರೈವ್ ಹಿಡಿದು ಮೆಟ್ಟಿಲಲ್ಲಿ ನಿಂತಾಗ.
"ಒಂದು ಕಾಪಿ ಮಾರಾಯ್ರೆ. ಸತ್ತ ಕಂಪೆನಿ, ಯಾರು ಕೇಳ್ತಾರೆ?"
ಚುನಾವಣೆ ಹೊತ್ತಿಗೆ ಕಾಗದ ಮುಗಿದಾಗ
ಕೇಳದೆ ನಾಲ್ಕು ರಿಮ್ಮು ಕಳಿಸಿದವರು.
ಮಾತು ಬರಲಿಲ್ಲ. ಚಾ ತರಿಸಿದೆ.
ಫೈಲು ಇಲ್ಲಿ ತನ್ನಿ, ನಾನೇ ತೆರೆದು ಕೊಡ್ತೇನೆ, ಎಂದೆ.
(ಅದಾದರೂ ಸರಿಯಾ? ಮೇಡಂ ಹತ್ತಿರ ಕೇಳಿಲ್ಲ.)
ಚಾ ಅರ್ಧ ಬಿಟ್ಟು ಹೋದರು.

ಲಾಕನ್ನು ಇನ್ನೂ ಕಿತ್ತಿಲ್ಲ.
ಬೆಳಿಗ್ಗೆ ಶಟರು ಎತ್ತಿದ ಕೂಡಲೇ
ಹಿಂದೆ ಕೈ ಹಾಕಿ ಮುಟ್ಟಿ ನೋಡುತ್ತೇನೆ.
ಎಂದಾದರೂ ಅದಕ್ಕೆ ಜೀವ ಬಂದು
ಇದ್ದೇನೆ ಅಂದುಬಿಟ್ಟರೆ,
ಲಿಖಿತ್ ಬರೆದ ಲೆಕ್ಕದ ಪ್ರಕಾರ
ಅವತ್ತೇ ನಾನು ಹೊರಗೆ.